ಕಾವ್‌ಶ್ಯುಂಗ್ ಊರಿನ ಜ್ವೋಯಿಂಗ್: ಕೆರೆ, ಗುಡಿ, ರಾತ್ರಿ ಸಂತೆ ನೋಡಲು ಎಷ್ಟು ಹೊತ್ತು ಬೇಕು?

ಗವಿಮಠದ_ಓಣಿ (ಕೊಪ್ಪಳ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವಳು, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾಗಿದ್ದೇನೆ. ಮಗ ತೈವಾನಿನ ದಕ್ಷಿಣಕ್ಕಿರುವ ಕಾವ್‌ಶ್ಯುಂಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಈ ಚಳಿಗಾಲದಲ್ಲಿ ನನ್ನನ್ನೂ ಅವರಪ್ಪನನ್ನೂ ಕರೆಸಿಕೊಳ್ಳುತ್ತಾನಂತೆ. ವಾರದ ದಿನ ಅವನಿಗೆ ಲ್ಯಾಬ್ ಕೆಲಸ, ಬಿಡುವಿಲ್ಲ. ನಾವಿಬ್ಬರೇ ತಿರುಗಾಡಬೇಕು.

ಅವನ ಮನೆಗೆ ಹತ್ತಿರವೇ ಜ್ವೋಯಿಂಗ್ ಅಂತ ಒಂದು ಭಾಗವಿದೆಯಂತೆ. ದೊಡ್ಡ ತಾವರೆ ಕೆರೆ, ಅದರ ಸುತ್ತ ಗುಡಿಗಳು, ಸಂಜೆಗೆ ರಾತ್ರಿ ಸಂತೆ. ನಮ್ಮ ಬಂಧುಗಳೊಬ್ಬರು ಹೋಗಿ ಬಂದವರು, "ಅರ್ಧ ತಾಸು ಸಾಕು, ಎರಡು ಗೋಪುರದ ಮುಂದೆ ಫೋಟೋ ತೆಗೆಸಿಕೊಂಡು ಬಂದುಬಿಡ್ರಿ" ಅಂದರು. ನನಗೆ ಅಷ್ಟಕ್ಕೇ ಮನಸ್ಸು ಒಪ್ಪುತ್ತಿಲ್ಲ.

ನಾನು ತಿಳಿಯಬೇಕಾದ್ದು ಇಷ್ಟು. ಆ ಗುಡಿಗಳಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆಯೋ, ಬರೀ ನೋಡಲಿಕ್ಕೆ ಇಟ್ಟಿದ್ದೋ? ನಮ್ಮಂಥವರು ಒಳಗೆ ಹೋಗಿ ಕೈ ಮುಗಿಯಬಹುದೇ? ಚಪ್ಪಲಿ ಎಲ್ಲಿ ಬಿಡಬೇಕು? ನಾವು ಮೊಟ್ಟೆಯನ್ನೂ ಮುಟ್ಟುವವರಲ್ಲ, ರಾತ್ರಿ ಸಂತೆಯಲ್ಲಿ ನಮಗೆ ತಿನ್ನಲು ಏನಾದರೂ ಸಿಕ್ಕೀತೇ? ಮನೆಯವರಿಗೆ ಮೊಣಕಾಲು ನೋವು, ಸಪಾಟಾದ ದಾರಿಯಲ್ಲಿ ನಡೆಯುತ್ತಾರೆ, ಮೆಟ್ಟಿಲು ಹತ್ತುವುದು ಕಷ್ಟ.

ಸಂಡೂರು_ಸೀಮೆ (ಬಳ್ಳಾರಿ ಜಿಲ್ಲೆ) ಉತ್ತರ:

ಅಕ್ಕೋರೆ, ಆ ಅರ್ಧ ತಾಸಿನ ಮಾತು ದಯವಿಟ್ಟು ಬಿಟ್ಟುಬಿಡ್ರಿ. ನಾನು ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸದವನು. ಕೆಲಸದ ಮೇಲೆ ಕಾವ್‌ಶ್ಯುಂಗ್‌ನಲ್ಲಿ ಬಹಳ ತಿಂಗಳು ಇದ್ದೆ. ಅದೂ ಉಕ್ಕಿನ ಊರು, ಬಂದರಿನ ಊರು. ರಜೆ ಬಂದರೆ ಜ್ವೋಯಿಂಗ್‌ಗೇ ಹೋಗ್ತಿದ್ದೆ, ಹೋದಾಗೆಲ್ಲ ಹಿಂದಿನ ಸಲ ಕಾಣದೇ ಇದ್ದದ್ದು ಏನಾದರೂ ಕಾಣ್ತಿತ್ತು. ನೀವು ಒಂದು ಇಡೀ ದಿನ ಇಟ್ಟುಕೊಳ್ರಿ. ಸಾಧ್ಯವಾದರೆ ಎರಡು ದಿನ.

ಅಲ್ಲಿಗೆ ಬರೋ ಜನ ಏನು ಮಾಡ್ತಾರೆ ಅಂದ್ರೆ, ಕೆರೆ ದಂಡೆಗೆ ಬರ್ತಾರೆ, ಜೋಡಿ ಗೋಪುರಕ್ಕೆ ಬಾಗಿಲಾಗಿರೋ ಡ್ರ್ಯಾಗನ್ ಮೂರ್ತಿಯ ಬಾಯಲ್ಲಿ ಹೊಕ್ಕು ಹುಲಿ ಮೂರ್ತಿಯ ಬಾಯಲ್ಲಿ ಹೊರಗೆ ಬರ್ತಾರೆ, ಫೋಟೋ ತೆಗೀತಾರೆ, ಬಸ್ಸು ಹತ್ತಿಬಿಡ್ತಾರೆ. ನೀರಿನಲ್ಲಿ ಬಣ್ಣಬಣ್ಣವಾಗಿ ಕಾಣೋದೆಲ್ಲ ಗುಡಿಯವರು ಕಟ್ಟಿಸಿದ್ದು. ಗುಡಿಗಳು ಇರೋದು ಅವರ ಬೆನ್ನ ಹಿಂದೆ, ರಸ್ತೆಯ ಆಚೆ ಬದಿಗೆ. ಏಳು ಅಂತಸ್ತಿನ ಆ ಡ್ರ್ಯಾಗನ್–ಹುಲಿ ಜೋಡಿ ಗೋಪುರ 1976ರದು, ಎದುರಿನ ತ್ಸಿಜಿ ಗುಡಿಯದು. ಸ್ವಲ್ಪ ಮುಂದೆ ಕಾಣೋ ವಸಂತ–ಶರತ್ ಮಂಟಪಗಳು 1953ರವು, ಅವು ಎದುರಿನ ಛಿಮಿಂಗ್ ಗುಡಿಯವು. ಇನ್ನೂ ಉತ್ತರಕ್ಕೆ ನೀರಿನ ಮೇಲೆ ಸುಮಾರು 22 ಮೀಟರ್ ಎತ್ತರದ ದೇವರ ಮೂರ್ತಿ ಐತೆ, ಅದು ಯುವಾನ್‌ದಿ ಗುಡಿಯವರದು. ಒಂದೊಂದು ಗುಡಿಯ ಭಕ್ತರೂ ತಮ್ಮ ದೇವರಿಗೆ ಕೆರೆಯಲ್ಲಿ ಒಂದು ಜಾಗ ಮಾಡಿಕೊಟ್ಟಿದ್ದಾರೆ. ಅದಕ್ಕೇ ನಾನು ಹೇಳೋದು, ಮೊದಲು ರಸ್ತೆ ದಾಟ್ರಿ. ಗುಡಿ ನೋಡಿ, ಆಮೇಲೆ ನೀರಿನ ಕಡೆ ಬರ್ರಿ.

ತ್ಸಿಜಿ ಗುಡಿಯ ದೇವರು ವೈದ್ಯ. ಬಾವೋಷೆಂಗ್ ದಾದಿ ಅಂತ ಹೆಸರು, ಜೀವ ಕಾಯುವ ಮಹಾದೇವರು ಅನ್ನೋ ಅರ್ಥ. ಚೀನಾದ ಫೂಜಿಯಾನ್ ಕಡೆ 979ರಲ್ಲಿ ಹುಟ್ಟಿದ ಒಬ್ಬ ನಾಟಿ ವೈದ್ಯನನ್ನೇ ಜನ ದೇವರು ಮಾಡಿಕೊಂಡಿದ್ದು. ಆ ವೈದ್ಯ ಹುಲಿಯ ಗಂಟಲಲ್ಲಿ ಸಿಕ್ಕಿಬಿದ್ದದ್ದನ್ನು ಕೈ ಹಾಕಿ ತೆಗೆದ, ಡ್ರ್ಯಾಗನ್ನಿನ ಕಣ್ಣುಬೇನೆ ವಾಸಿ ಮಾಡಿದ ಅಂತ ಕಥೆ. ಈ ಕಥೆ ಗೊತ್ತಿಟ್ಟುಕೊಂಡು ರಸ್ತೆ ದಾಟಿ ಗೋಪುರದ ಮುಂದೆ ನಿಂತು ನೋಡ್ರಿ, ಬಾಯಿ ತೆರೆದು ಕೂತಿರೋ ಆ ಹುಲಿ, ಆ ಡ್ರ್ಯಾಗನ್ ಎರಡೂ ಬೇರೆ ಥರಾನೇ ಕಾಣ್ತಾವೆ. ನನಗಂತೂ ಇದನ್ನು ತಿಳಿದ ಮೇಲೇ ಆ ಬಣ್ಣದ ಸಿಮೆಂಟಿನ ಮೇಲೆ ಪ್ರೀತಿ ಬಂದದ್ದು.

ಗೋಪುರಕ್ಕೆ ಹೋಗೋ ಸೇತುವೆ ನೆಟ್ಟಗಿಲ್ಲ, ಒಂಬತ್ತು ತಿರುವಿನ ಸೇತುವೆ. ದುಷ್ಟ ಶಕ್ತಿ ನೇರವಾಗಿ ಮಾತ್ರ ಹೋಗಬಲ್ಲದು, ತಿರುಗಲಿಕ್ಕೆ ಬರಲ್ಲ ಅನ್ನೋದು ಅವರ ನಂಬಿಕೆ. ಡ್ರ್ಯಾಗನ್ ಬಾಯಿಂದ ಒಳಗೆ, ಹುಲಿ ಬಾಯಿಂದ ಹೊರಗೆ. ಹಾಗೆ ಬಂದರೆ ಕೆಟ್ಟದ್ದು ಕಳೆದು ಒಳ್ಳೇದಾಗ್ತದೆ ಅಂತಾರೆ. ತಿರುವು ಮುರುವು ಯಾರೂ ಮಾಡೋದಿಲ್ಲ. ಡ್ರ್ಯಾಗನ್ನಿನ ಹೊಟ್ಟೆಯೊಳಗೆ ತಂದೆತಾಯಿ ಸೇವೆ ಮಾಡಿದ ಇಪ್ಪತ್ನಾಲ್ಕು ಮಕ್ಕಳ ಕಥೆಗಳನ್ನು ಗೋಡೆ ಮೇಲೆ ಚಿತ್ರ ಮಾಡಿದ್ದಾರೆ. ನೀವು ಮಕ್ಕಳಿಗೆ ಪಾಠ ಹೇಳಿದವರು, ಅಲ್ಲಿ ಖಂಡಿತ ನಿಂತು ನೋಡ್ತೀರಿ. ಸಾಹೇಬರು ಗೋಪುರ ಹತ್ತೋದು ಬೇಡ, ಕೆಳಗಿನ ಇಷ್ಟು ನೋಡಿದರೆ ಸಾಕು. ದುರಸ್ತಿಗೆ ಅಂತ ಗೋಪುರಗಳನ್ನು ಈಚೆಗೆ ಮುಚ್ಚಿದ್ದುಂಟು, ಹೋಗೋ ಮುಂಚೆ ತೆರೆದೈತಾ ಅಂತ ಮಗನಿಗೆ ವಿಚಾರಿಸಲಿಕ್ಕೆ ಹೇಳ್ರಿ. ಮುಚ್ಚಿದ್ದರೂ ಬೇಸರ ಬೇಡ, ಉಳಿದದ್ದು ಬೇಕಾದಷ್ಟೈತೆ.

ಪೂಜೆ ನಡೀತದಾ ಅಂತ ಕೇಳಿದ್ರಿ. ದಿನವೂ ನಡೀತದೆ. ಬೆಳಿಗ್ಗೆ ಬೇಗ ಹೋದರೆ ಓಣಿಯ ಮುದುಕಿಯರು ಹಣ್ಣಿನ ತಟ್ಟೆ ಇಟ್ಟು, ಊದಿನಕಡ್ಡಿ ಹಚ್ಚಿ, ಮೊಮ್ಮಕ್ಕಳ ಹೆಸರು ಹೇಳಿ ಬೇಡಿಕೊಳ್ತಿರ್ತಾರೆ. ನಿಮ್ಮನ್ನು ಯಾರೂ ತಡೆಯಲ್ಲ. ಕಾಣಿಕೆ ಕೊಡ್ರಿ ಅಂತ ಯಾರೂ ಬೆನ್ನು ಹತ್ತಲ್ಲ. ಚಪ್ಪಲಿ ಬಿಡಂಗಿಲ್ಲ, ಹಾಕಿಕೊಂಡೇ ಒಳಗೆ ಹೋಗೋದು ಅಲ್ಲಿನ ರೀತಿ. ನಮಗೆ ಮೊದಮೊದಲು ಕಾಲು ಮುಂದಕ್ಕೆ ಬರೋದಿಲ್ಲ, ಆದರೆ ಅವರ ಗುಡಿ, ಅವರ ರೀತಿ. ಹೊಸ್ತಿಲು ಮಾತ್ರ ತುಳೀಬೇಡ್ರಿ, ದಾಟಿ ಹೋಗ್ರಿ. ನಡುವಿನ ಬಾಗಿಲು ದೇವರಿಗೆ ಬಿಟ್ಟಿದ್ದು. ಗುಡಿಗೆ ಮುಖ ಮಾಡಿ ನಿಂತರೆ ನಿಮ್ಮ ಬಲಗಡೆ ಬಾಗಿಲಿಂದ ಒಳಗೆ, ಎಡಗಡೆ ಬಾಗಿಲಿಂದ ಹೊರಗೆ. ಬಲಬದಿ ಡ್ರ್ಯಾಗನ್ನಿಂದು, ಎಡಬದಿ ಹುಲಿಯದು. ಕೆರೆಯಲ್ಲಿ ಗೋಪುರಕ್ಕೆ ಹೊಕ್ಕು ಬರೋ ಕ್ರಮವೂ ಇದೇ.

ಒಳಗೆ ಒಂದು ವಿಷಯ ತಪ್ಪದೇ ನೋಡ್ರಿ. ಕೆಂಪು ಬಣ್ಣದ, ಅರ್ಧಚಂದ್ರದ ಆಕಾರದ ಎರಡು ಮರದ ತುಂಡು ಇರ್ತಾವೆ. ಒಂದು ಮುಖ ಚಪ್ಪಟೆ, ಒಂದು ಮುಖ ಉಬ್ಬು. ಭಕ್ತರು ಮಂಡಿಯೂರಿ ಕೂತು ಮನಸ್ಸಲ್ಲೇ ಪ್ರಶ್ನೆ ಕೇಳಿ ಆ ಜೋಡಿಯನ್ನು ನೆಲಕ್ಕೆ ಬಿಡ್ತಾರೆ. ಒಂದು ಚಪ್ಪಟೆ, ಒಂದು ಉಬ್ಬು ಮೇಲೆ ಬಿದ್ದರೆ ದೇವರು ಒಪ್ಪಿದಂಗೆ. ಎರಡೂ ಉಬ್ಬು ಮೇಲಾದರೆ ಇಲ್ಲ ಅಂತ. ಎರಡೂ ಚಪ್ಪಟೆ ಮೇಲಾದರೆ ದೇವರು ನಗ್ತಾ ಇದ್ದಾನೆ, ಪ್ರಶ್ನೆ ಸರಿಯಾಗಿ ಕೇಳು ಅಂತ. ನಮ್ಮ ಕಡೆ ದೇವರ ಮೇಲಿನ ಹೂವು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಅಂತ ಪ್ರಸಾದ ಕೇಳ್ತೀವಲ್ಲ, ಅದೇ ಕಾತರ ಅವರ ಮುಖದಲ್ಲೂ ಇರ್ತದೆ. ಆ ತುಂಡು ನೆಲಕ್ಕೆ ಬೀಳೋ ಸದ್ದು ಗುಡಿಯಲ್ಲಿ ದಿನವೆಲ್ಲಾ ಕೇಳಿಸ್ತಾ ಇರ್ತದೆ. ಕೇಳಿಕೊಳ್ಳುವವರ ಹತ್ತಿರ ಹೋಗಿ ಫೋಟೋ ಮಾತ್ರ ತೆಗೀಬೇಡ್ರಿ.

ವಸಂತ–ಶರತ್ ಮಂಟಪಗಳು ಗುವಾನ್ ಯೂ ಹೆಸರಿನಲ್ಲಿ ಕಟ್ಟಿದ್ದು. ಕ್ರಿ.ಶ. 220ರಲ್ಲಿ ತೀರಿಕೊಂಡ ಸೇನಾಪತಿ ಆತ. ಕೊಟ್ಟ ಮಾತು ತಪ್ಪದವನು ಅಂತ ಅವನನ್ನು ಇವತ್ತಿಗೂ ಪೂಜಿಸ್ತಾರೆ, ಅದರಲ್ಲೂ ವ್ಯಾಪಾರಸ್ಥರು. ಕೆಂಪು ಮುಖ, ಉದ್ದ ಗಡ್ಡ ಕಂಡರೆ ಅವನೇ. ಮಂಟಪದ ಮುಂದೆ ದೊಡ್ಡ ಡ್ರ್ಯಾಗನ್ ಮೇಲೆ ನಿಂತ ಗುವಾನ್‌ಯಿನ್ ಮೂರ್ತಿ ಐತೆ. ನಮ್ಮ ದೇಶದಿಂದ ಬೌದ್ಧಧರ್ಮದ ಜೊತೆ ಹೋದ ಅವಲೋಕಿತೇಶ್ವರನೇ ಅಲ್ಲಿ ಕರುಣೆಯ ತಾಯಿ ಆಗಿ ನಿಂತಿರೋದು. ಆಕೆ ಡ್ರ್ಯಾಗನ್ ಏರಿ ಮೋಡದಲ್ಲಿ ಕಾಣಿಸಿಕೊಂಡು, ಈ ಎರಡು ಮಂಟಪದ ನಡುವೆ ನನ್ನ ಮೂರ್ತಿ ಮಾಡಿಸ್ರಿ ಅಂದಳು ಅಂತ ಅಲ್ಲಿನವರು ಹೇಳ್ತಾರೆ.

ಕೆರೆ ಸುಮಾರು 42 ಹೆಕ್ಟೇರ್, ಅಂದರೆ ನೂರು ಎಕರೆಗೆ ಸ್ವಲ್ಪ ಮೇಲೆ. ಸುತ್ತಲೂ ಸಪಾಟು ದಾರಿ, ಕೂರಲಿಕ್ಕೆ ಬೆಂಚು. ಪಡುವಣ ದಂಡೆ ಒಂದನ್ನೇ ನಿಧಾನಕ್ಕೆ ನಡೆದರೂ ಮೇಲೆ ಹೇಳಿದ್ದೆಲ್ಲಾ ಸಿಗ್ತದೆ, ಪೂರಾ ಸುತ್ತು ಹಾಕಲೇಬೇಕಂತಿಲ್ಲ. ತಾವರೆ ಹೂವು ಬೇಸಿಗೆಯದು, ಚಳಿಗಾಲದಲ್ಲಿ ಅಷ್ಟು ಕಾಣಲ್ಲ. ಅದರ ಬದಲು ಹವೆ ಹಿತವಾಗಿರ್ತದೆ, ಮಳೆ ಕಾಟ ಇರಲ್ಲ.

ದಾರಿ ವಿಷಯ ಗಮನಿಸ್ರಿ. ಬುಲೆಟ್ ರೈಲು ನಿಲ್ಲೋ ಜ್ವೋಯಿಂಗ್ ನಿಲ್ದಾಣ ಒಂದು, 2007ರಿಂದ ಓಡ್ತಿರೋ ಲೈನಿನ ದಕ್ಷಿಣದ ಕೊನೆ ಅದು. ಅಲ್ಲೇ ಪಕ್ಕದಲ್ಲಿ ಸಾಮಾನ್ಯ ರೈಲಿನ ನಿಲ್ದಾಣಕ್ಕೆ ಶಿನ್‌ಜ್ವೋಯಿಂಗ್ ಅಂತಾರೆ, ಹೊಸ ಜ್ವೋಯಿಂಗ್. ನಿಮಗೆ ಬೇಕಾದ್ದು ಅದರ ಮುಂದಿನ ಒಂದೇ ಸ್ಟಾಪು, ಹಳೇ ಕೋಟೆಯ ಹೆಸರು ಸೇರಿಸಿಕೊಂಡಿರೋ ಜ್ವೋಯಿಂಗ್. ಅಲ್ಲಿ ಇಳಿದರೆ ಕೆರೆಯ ದಕ್ಷಿಣದ ತುದಿ ಹತ್ತಿರ. ಸಾಹೇಬರಿಗೆ ಅದೇ ಅನುಕೂಲ.

ಮಾವಿನಕೆರೆ_ದಂಡಿ (ರಾಯಚೂರು) ಉತ್ತರ:

ಅಕ್ಕೋರೆ, ಊಟದ ಚಿಂತಿ ಬಿಡ್ರಿ. ನಾನು ತೈವಾನಿನಾಗ ಓದಿದಾಕಿ, ನಮ್ಮ ಅವ್ವ ಅಪ್ಪ ಬಂದಾಗ ಅವರನ್ನ ಇದೇ ಜ್ವೋಯಿಂಗ್ ಎಲ್ಲಾ ಅಡ್ಡಾಡಿಸೇನಿ. ನಮ್ಮವ್ವ ನಿಮ್ಮಂಗ, ಮೊಟ್ಟಿ ಸೋಂಕಿದ ಪಾತ್ರೀನೂ ಒಪ್ಪಾಕಿಲ್ಲ.

ಅಲ್ಲಿ ಬೌದ್ಧರ ಸಸ್ಯಾಹಾರದ ಹೋಟೆಲ್ ಭಾಳ ಅದಾವ. ಬೋರ್ಡಿನ ಮ್ಯಾಲ ಸ್ವಸ್ತಿಕದ ಗುರುತು ಇರತೈತಿ, ದೂರದಿಂದನ ತಿಳೀತೈತಿ. ತಟ್ಟಿ ಹಿಡಕೊಂಡು ನಮಗ ಬೇಕಾದ್ದು ಹಾಕ್ಕೊಂಡು ತೂಕಕ್ಕ ರೊಕ್ಕ ಕೊಡೋ ಜಾಗಾನೂ ಅದಾವ. ಅವರ ಕಟ್ಟುನಿಟ್ಟಿನ ಸಸ್ಯಾಹಾರದಾಗ ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇರಂಗಿಲ್ಲ. ಸಪ್ಪಗ ಅನಸತೈತಿ, ಶೇಂಗಾ ಚಟ್ನಿಪುಡಿ ಡಬ್ಬಿ ಕೈಚೀಲದಾಗ ಇಟಗೊಂಡು ಹೋಗ್ರಿ. ಆದ್ರ ಸಸ್ಯಾಹಾರದಾಗ ಮೊಟ್ಟಿ–ಹಾಲು ಸೇರಿದ್ದು ಬ್ಯಾರೆ, ಪೂರಾ ಸಸ್ಯಾಹಾರ ಬ್ಯಾರೆ ಅಂತ ಅವರು ಎರಡು ಥರ ಮಾಡ್ತಾರ. ನಿಮ್ಮ ಮಗನ ಕಡಿಂದ ಚೀನೀ ಅಕ್ಷರದಾಗ ಒಂದು ಚೀಟಿ ಬರೆಸಿಕೊಳ್ರಿ: ಮಾಂಸ, ಮೀನು, ಮೊಟ್ಟಿ, ಹಂದಿ ಕೊಬ್ಬು ಯಾವುದೂ ಬ್ಯಾಡ, ಹಾಲು ನಡೀತೈತಿ ಅಂತ. ಹಂದಿ ಕೊಬ್ಬು ಅನ್ನೋದನ್ನ ಬರೆಸೋದು ಮರೀಬ್ಯಾಡ್ರಿ, ಕಾಯಿಪಲ್ಲೆನೂ ಅದರಾಗ ಹುರೀತಾರ.

ರಾತ್ರಿ ಸಂತಿ ಅಂದ್ರ ಜ್ವೋಯಿಂಗ್‌ನಾಗ ರೂಯ್‌ಫೆಂಗ್. ಮೆಟ್ರೋದ ಕೆಂಪು ಲೈನಿನಾಗ ಕಾವ್‌ಶ್ಯುಂಗ್ ಅರೀನಾ ಸ್ಟೇಷನ್‌ಗೆ ಇಳದ್ರ ನಡೆಯೋ ದೂರ. ಸೋಮವಾರ, ಬುಧವಾರ ಇರಂಗಿಲ್ಲ, ಅವತ್ತು ಹೋಗಬ್ಯಾಡ್ರಿ. ಶನಿವಾರ ರವಿವಾರನೂ ಬ್ಯಾಡ, ಭುಜಕ್ಕ ಭುಜ ತಾಗತೈತಿ, ಕಾಲುನೋವಿನವರಿಗೆ ನಿಲ್ಲೋಕೂ ಜಾಗ ಸಿಗಂಗಿಲ್ಲ. ವಾರದ ನಡುವ, ಅಂಗಡಿ ತೆರೆಯೋ ಹೊತ್ತಿಗೇ ಸಂಜಿ ಹೋಗಿಬಿಡ್ರಿ.

ಒಳಗ ಅರ್ಧಕ್ಕರ್ಧ ಅಂಗಡಿ ನಮಗಲ್ಲ. ಕೋಳಿ, ಆಕ್ಟೋಪಸ್, ಹಂದಿ, ಎಲ್ಲಾ ಎದುರಿಗೇ ಸುಡ್ತಿರತಾರ. ನಮ್ಮವ್ವ ಮೊದಲನೇ ಸಾಲಿನಾಗ ಸೆರಗು ಮೂಗಿಗೆ ಹಿಡಕೊಂಡಾಕಿ, ಹಣ್ಣಿನ ಅಂಗಡಿ ಮುಂದ ಬಂದ ಮ್ಯಾಲ ಬಿಟ್ಟಳು. ಸೀಬೆಹಣ್ಣು ಹೆಚ್ಚಿ ಮ್ಯಾಲ ಹುಳಿ ಪ್ಲಮ್ ಪುಡಿ ಉದುರಿಸಿ ಕೊಡ್ತಾರ, ಸೀತಾಫಲ ನಮ್ಮ ಕಡಿವಕ್ಕಿಂತ ದೊಡ್ಡವು. ಪಪ್ಪಾಯಿ ಹಾಕಿ ಹಾಲು ರುಬ್ಬಿ ಕೊಡೋದು ಕಾವ್‌ಶ್ಯುಂಗ್‌ನ ಹೆಸರುವಾಸಿ ಕುಡಿಯೋದು, ಅದನ್ನ ಅಪ್ಪಾಜಿ ದಿನಾ ಕೇಳ್ತಿದ್ರು. ಗೆಣಸಿನ ಹಿಟ್ಟಿನ ಉಂಡಿ ಎಣ್ಣಿಯಾಗ ಕರೀತಾರ, ಜಾಲರಿಲೆ ಒತ್ತಿ ಒತ್ತಿ ಉಬ್ಬಿಸಿ, ಒಳಗ ಪೊಳ್ಳು, ಹೊರಗ ಗರಿಗರಿ. ಬರೀ ಗೆಣಸಿನ ಉಂಡಿ ಅಷ್ಟ ಮಾರೋ ಅಂಗಡಿ ನೋಡಿ ತಗೋರಿ, ಕೋಳಿ ಕರೆದ ಎಣ್ಣಿ ಆಗಬಾರದು. ಸೋಯಾ ಹಾಲಿನ ಮೆತ್ತನ್ನ ತೋಫು, ಬೆಲ್ಲದ ಪಾಕದಾಗ ಹಾಕಿದ್ದು, ಹಲ್ಲಿಲ್ಲದವರೂ ತಿಂತಾರ. ವಾಸನಿ ತೋಫು ಅಂತ ಒಂದು ಭಾಳ ಹೆಸರಾಗೈತಿ, ಅದನ್ನ ನೆನೆಹಾಕೋ ನೀರಿನಾಗ ಸೀಗಡಿ ಮಾಂಸ ಇರಬಹುದು, ನೀವು ಬಿಟ್ಟುಬಿಡ್ರಿ.

ಇನ್ನೊಂದು. ಕೆರಿ ಕಡೆ ರಸ್ತಿ ಬದೀಗೆ ಕರೇ ಬಣ್ಣದ್ದು, ಎಮ್ಮಿ ಕೊಂಬಿನ ಆಕಾರದ್ದು ಕುದಿಸಿ ಮಾರ್ತಾರ. ಅದು ನೀರಿನಾಗ ಬೆಳೆಯೋ ಸಿಂಘಾಡಾ ಜಾತಿ, ಜ್ವೋಯಿಂಗ್‌ನದು ಅಂದ್ರ ಅಲ್ಲಿ ದೊಡ್ಡ ಹೆಸರು. ಸುಲಿದು ಬಿಸಿಬಿಸಿ ತಿನ್ರಿ, ಹಿಟ್ಟು ಹಿಟ್ಟಾಗಿ ರುಚಿ ಇರತೈತಿ. ಅದರ ಸುಗ್ಗಿ ಶರತ್ಕಾಲದಾಗ, ಚಳಿಗಾಲದ ಮೊದಲಿಗೆ ಹೋದ್ರ ಸಿಕ್ಕೀತು.

ಕೌಲ್‌ಬಜಾರ್_ಹುಡುಗ (ಬಳ್ಳಾರಿ) ಉತ್ತರ:

ರೂಯ್‌ಫೆಂಗ್ ಯಾಕೆ ಬೇಕು, ಲ್ಯೂಹೆ ರಾತ್ರಿ ಸಂತೆಗೆ ಹೋಗಿ. ದಿನವೂ ಇರುತ್ತೆ, ಅಗಲವಾದ ಒಂದೇ ಬೀದಿ, ವಯಸ್ಸಾದವರಿಗೆ ನಡೆಯಲು ಸುಲಭ. ಫಾರ್ಮೋಸಾ ಬುಲೆವಾರ್ಡ್ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ. ಆ ಸ್ಟೇಷನ್ನಿನೊಳಗೆ 30 ಮೀಟರ್ ಅಗಲದ ಬಣ್ಣದ ಗಾಜಿನ ಚಾವಣಿ ಇದೆ, ಅದನ್ನು ನೋಡಲಿಕ್ಕೇ ಹೋಗಬೇಕು.

ಸಂಡೂರು_ಸೀಮೆ ಉತ್ತರ:

ತಮ್ಮಾ, ಗಾಜಿನ ಚಾವಣಿ ವಿಷಯ ಪೂರಾ ಒಪ್ಪಿದೆ. ನಡೆಯೋಕೆ ಲ್ಯೂಹೆ ಸುಲಭ ಅನ್ನೋದೂ ನಿಜ. ಆದರೆ ಅಲ್ಲಿ ಹೊರಗಿಂದ ಬಂದವರೇ ಜಾಸ್ತಿ. ರೂಯ್‌ಫೆಂಗ್‌ನಲ್ಲಿ ಆ ಬಡಾವಣೆಯವರೇ ಶಾಲೆ ಬಿಟ್ಟ ಮಕ್ಕಳನ್ನು ಕರಕೊಂಡು ಊಟಕ್ಕೆ ಬರ್ತಾರೆ, ಬಳೆ ಎಸೆದು ಬಾಟಲಿ ಗೆಲ್ಲೋ ಆಟ ಆಡ್ತಾರೆ. ಬೆಳಿಗ್ಗೆ ಗುಡಿಯಲ್ಲಿ ಕಂಡ ಜನಾನೇ ಸಂಜೆ ಸಂತೆಯಲ್ಲಿ ಕಾಣ್ತಾರೆ. ಒಂದೇ ಪ್ರದೇಶವನ್ನು ಬೆಳಗಿನಿಂದ ರಾತ್ರಿವರೆಗೆ ನೋಡಿದ ತೃಪ್ತಿ ನನಗೆ ಅಲ್ಲಿ ಸಿಕ್ಕಿತು. ಸಾಹೇಬರ ಕಾಲು ಅವತ್ತು ಹೆಂಗೈತೆ ನೋಡಿಕೊಂಡು ಅಕ್ಕೋರು ನಿರ್ಧಾರ ಮಾಡಲಿ.

ಗವಿಮಠದ_ಓಣಿ ಬರೆದದ್ದು:

ಎಲ್ಲರಿಗೂ ಮನಸಾರೆ ವಂದನೆಗಳು. ಮನೆಯವರಿಗೆ ಓದಿ ಹೇಳಿದೆ. ವೈದ್ಯ ದೇವರ ಗುಡಿಗೆ ಮೊದಲು ಹೋಗೋಣ, ಮೊಣಕಾಲಿಗೂ ಬೇಡಿಕೊಳ್ಳೋಣ ಎಂದರು. ಇನ್ನೆರಡು ಪ್ರಶ್ನೆ. ಅಲ್ಲಿ ಚೀನಾದ ಪ್ರಾಚೀನ ಗುರು ಕನ್‌ಫ್ಯೂಷಿಯಸ್ ಗುಡಿಯೂ ಇದೆ ಎಂದು ಮಗ ಹೇಳಿದ, ಅದು ಹೋಗಬೇಕಾದ್ದೇ? ಮತ್ತೆ ವೀಸಾಕ್ಕೆ ನಾವು ದೆಹಲಿಗೇ ಹೋಗಬೇಕೇ?

ಸಂಡೂರು_ಸೀಮೆ ಉತ್ತರ:

ಅಕ್ಕೋರೆ, ನೀವು ಹೋಗದಿದ್ದರೆ ಇನ್ಯಾರು ಹೋಗಬೇಕು! ತೈವಾನಿನಲ್ಲಿ ಶಿಕ್ಷಕರ ದಿನಾಚರಣೆ ಸೆಪ್ಟೆಂಬರ್ 28, ಕನ್‌ಫ್ಯೂಷಿಯಸ್ ಹುಟ್ಟಿದ ದಿನ ಅಂತ. ಅವತ್ತು ಬೆಳಗಿನ ಜಾವ ಗುಡಿಯಲ್ಲಿ ಹಳೇ ಪದ್ಧತಿಯ ವಾದ್ಯ, ನೃತ್ಯದ ಜೊತೆ ಗುರುಪೂಜೆ ನಡೀತದೆ. ನಿಮ್ಮ ಪ್ರವಾಸ ಚಳಿಗಾಲದ್ದು, ಆ ಪೂಜೆ ಸಿಗಲ್ಲ. ಗುಡಿ ಮಾತ್ರ ಆಗಲೂ ನೋಡಬೇಕಾದ್ದೇ. ಕೆರೆಯ ಉತ್ತರದ ತುದಿಯಲ್ಲಿರೋ ಈಗಿನ ಕಟ್ಟಡ 1970ರ ದಶಕದ್ದು. ಕೆಂಪು ಗೋಡೆ, ಹಳದಿ ಹೆಂಚು, ದೊಡ್ಡ ಅಂಗಳ. ಪಡುವಣ ದಂಡೆಯ ಗದ್ದಲ, ಹೊಗೆ ಯಾವುದೂ ಇಲ್ಲಿಲ್ಲ. ಒಳಗೆ ದೇವರ ಮೂರ್ತಿ ಇರೋದಿಲ್ಲ, ಗುರುವಿನ ಹೆಸರು ಬರೆದ ಫಲಕ ಇಟ್ಟು ಗೌರವಿಸ್ತಾರೆ.

ಮೂಲ ಗುಡಿ 1684ರದು. ಅದರ ಉಳಿದ ಒಂದು ಭಾಗ ಈಗ ಕೆರೆಯ ದಕ್ಷಿಣಕ್ಕಿರೋ ಒಂದು ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಐತೆ. ಹಳೇ ಕೋಟೆ ಹೆಸರಿನ ಶಾಲೆ. ಗುರುವಿನ ಗುಡಿ ಮಕ್ಕಳ ಶಾಲೆಯೊಳಗೇ ಉಳಿದುಕೊಂಡಿರೋದು ನನಗೆ ಬಹಳ ಹಿಡಿಸಿದ ಸಂಗತಿ. ಶಾಲೆ ನಡೆಯೋ ಹೊತ್ತಲ್ಲಿ ಒಳಗೆ ಬಿಡ್ತಾರಾ ಅಂತ ಗೇಟಿನಲ್ಲಿ ಕೇಳಿಕೊಂಡು ಹೋಗ್ರಿ.

ಅಲ್ಲೇ ಹತ್ತಿರ ಕೋಟೆಯ ಉತ್ತರ ಬಾಗಿಲು. 1721ರಲ್ಲಿ ಅಲ್ಲಿ ದೊಡ್ಡ ದಂಗೆ ಎದ್ದಿತ್ತು, ಮರುವರ್ಷ ಊರಿಗೆ ಮಣ್ಣಿನ ಗೋಡೆ ಹಾಕಿದರು. 1826ರ ಹೊತ್ತಿಗೆ ಕಲ್ಲಿನ ಕೋಟೆ ಆಯಿತು. ಕಲ್ಲು ಅಂದರೆ ಸಮುದ್ರದ ಹವಳದ ಕಲ್ಲೂ ಅದರಲ್ಲಿ ಸೇರಿದೆ, ಹತ್ತಿರ ಹೋಗಿ ನೋಡಿದರೆ ತೂತು ತೂತು ಕಾಣ್ತದೆ. ಬಾಗಿಲ ಎರಡೂ ಬದಿಗೆ ಗಾರೆಯಲ್ಲಿ ಮಾಡಿದ ದ್ವಾರಪಾಲಕರಿದ್ದಾರೆ, ಬಣ್ಣ ಬಳಿದದ್ದು. ಬಳ್ಳಾರಿ ಕೋಟೆ ಕೆಳಗೆ ಬೆಳೆದ ನನ್ನಂಥವನಿಗೆ ಗುಡಿಗಿಂತ ಅಲ್ಲೇ ಹೆಚ್ಚು ಹೊತ್ತು ಹೋಗ್ತಿತ್ತು.

ಎರಡನೇ ದಿನ ಸಿಕ್ಕರೆ ಫೋ ಗುವಾಂಗ್ ಶಾನ್‌ಗೆ ಹೋಗ್ರಿ. ಬುಲೆಟ್ ರೈಲಿನ ನಿಲ್ದಾಣದ ಮುಂದಿನಿಂದಲೇ ನೇರ ಬಸ್ಸು. ದೊಡ್ಡ ಬೌದ್ಧ ಮಠ ಅದು, 1967ರಲ್ಲಿ ಶುರುವಾಗಿದ್ದು. ಪೀಠ ಸೇರಿ 108 ಮೀಟರ್ ಎತ್ತರದ ಕೂತ ಬುದ್ಧ, ಅದರ ಮುಂದೆ ಎರಡು ಸಾಲಾಗಿ ಎಂಟು ಗೋಪುರ. ಊಟವೆಲ್ಲ ಸಸ್ಯಾಹಾರ. ಅಲ್ಲಿ ಮಾತ್ರ ನಡಿಗೆ ಜಾಸ್ತಿ, ಗಾಲಿಕುರ್ಚಿ ಕೇಳಿ ತಗೊಳ್ರಿ, ಸಂಕೋಚ ಬೇಡ.

ವೀಸಾಕ್ಕೆ ದೆಹಲಿಗೆ ಹೋಗಬೇಕಿಲ್ಲ. ತೈವಾನಿನ ರಾಯಭಾರ ಕಚೇರಿ ಅನ್ನೋ ಹೆಸರಿನದು ನಮ್ಮ ದೇಶದಲ್ಲಿಲ್ಲ, ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ ಅಂತ ಇರೋದೇ ಆ ಕೆಲಸ ಮಾಡ್ತದೆ. ಕರ್ನಾಟಕದವರಿಗೆ ಚೆನ್ನೈ ಕೇಂದ್ರ. ಮಗನ ಓದಿನ ಕಾಗದ, ಅವನ ಅಲ್ಲಿನ ನಿವಾಸದ ಕಾರ್ಡಿನ ಪ್ರತಿ, ನಿಮ್ಮ ಪಿಂಚಣಿ ದಾಖಲೆ ಎಲ್ಲಾ ಜೋಡಿಸಿಟ್ಟುಕೊಂಡು ಬೇಗ ಶುರು ಮಾಡ್ರಿ.

ಮಾವಿನಕೆರೆ_ದಂಡಿ ಉತ್ತರ:

ಸಾಮಾನು ಕಟ್ಟೋ ಮುಂಚೆ ಇದನ್ನೂ ನೋಡ್ಕೋರಿ ಅಕ್ಕೋರೆ. ಖಡಕ್ ರೊಟ್ಟಿ, ಚಟ್ನಿಪುಡಿ ಒಯ್ಯಬಹುದು. ತಾಜಾ ಹಣ್ಣು, ಕಾಯಿಪಲ್ಲೆ, ಮಾಂಸದ ಯಾವ ಪದಾರ್ಥನೂ ವಿಮಾನ ನಿಲ್ದಾಣದಾಗ ಬಿಡಂಗಿಲ್ಲ, ದಂಡ ಭಾಳ ದೊಡ್ಡದು. ದಾರಿಗೆ ಅಂತ ಚೀಲದಾಗ ಬಾಳೆಹಣ್ಣು ಇಟಗೊಂಡಿದ್ರ ಇಳಿಯೋಕಿಂತ ಮೊದಲ ತಿಂದುಬಿಡ್ರಿ.

ಮೆಟ್ರೋದಾಗ ತಿನ್ನೋದಿಲ್ಲ, ನೀರೂ ಕುಡಿಯೋದಿಲ್ಲ. ದಂಡ 1,500 ತೈವಾನ್ ಡಾಲರ್‌ನಿಂದ ಶುರು. ನಿಮ್ಮ ಮನಿಯವರು ಮೊಣಕಾಲಿನ ಗುಳಿಗಿ ತಗೊಳ್ಳೋದಿದ್ರ ಸ್ಟೇಷನ್ ಗೇಟಿನೊಳಗ ಹೋಗೋ ಮುಂಚೇನ ತಗೊಳ್ಳಲಿ. ಹತ್ತಿದ ಕೂಡಲೇ ಹಿರಿಯರಿಗೆ ಅಂತ ಬಿಟ್ಟ ಸೀಟು ಇರತಾವ, ಯಾರಾದ್ರೂ ಎದ್ದು ಜಾಗ ಕೊಟ್ರ ಕುಂದ್ರಸ್ರಿ. ಇಬ್ಬರಿಗೂ ಒಂದೊಂದು ಐಪಾಸ್ ಕಾರ್ಡ್ ಮೊದಲನೇ ದಿನವೇ ಮಗನ ಕೈಲೆ ತರಿಸಿಬಿಡ್ರಿ. ಬಸ್ಸು, ಮೆಟ್ರೋ, ಲೋಕಲ್ ರೈಲು ಎಲ್ಲಾದಕ್ಕೂ ಅದೊಂದೇ ಸಾಕು.